ಹಳೇ ಪಿಕಪ್ ಸರಿಮಾಡಬೇಕು, ಕೈಯಲ್ಲಿ ದುಡ್ಡು ಕಮ್ಮಿ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಐವತ್ತು ವರ್ಷಕ್ಕೂ ಹಳೆಯ ಪಿಕಪ್ ಟ್ರಕ್ ಒಂದು ಕಡಿಮೆ ಬೆಲೆಗೆ ಸಿಗುವ ಹಾಗಿದೆ. ತುಂಬಾ ವರ್ಷದಿಂದ ನಿಂತಲ್ಲೇ ನಿಂತಿದೆ. ಎಂಜಿನ್ ತಿರುಗುತ್ತಿಲ್ಲ, ಅಲ್ಲಲ್ಲಿ ತುಕ್ಕು ಹಿಡಿದಿದೆ. ನನಗೆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ, ಕಲಿಯುವ ಆಸೆ ಮಾತ್ರ ಇದೆ. ಪೂರ್ತಿ ಬಿಚ್ಚಿ ಒಂದೇ ಸಲಕ್ಕೆ ಹೊಸದು ಮಾಡಿಬಿಡಲಾ, ಇಲ್ಲ ಸ್ವಲ್ಪ ಸ್ವಲ್ಪವೇ ಮಾಡಲಾ?

ಉತ್ತರ: ಪೂರ್ತಿ ಬಿಚ್ಚಬೇಡಿ. ಗಾಡಿ ಮೊದಲು ಸರಿಯಾಗಿ ನಿಲ್ಲಬೇಕು, ಆಮೇಲೆ ಓಡಬೇಕು. ಚೆಂದ ಕಾಣುವುದು ಕಟ್ಟಕಡೆಯ ಮಾತು. ನಿಲ್ಲುವುದು ಅಂದರೆ ಬ್ರೇಕ್. ಹೊಸಬರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಬಣ್ಣದ ಕನಸು ಕಾಣುತ್ತಾರೆ, ದುಡ್ಡೆಲ್ಲ ಅಲ್ಲೇ ಸುರಿಯುತ್ತಾರೆ, ಬ್ರೇಕ್ ಪೈಪ್ ಬದಲಿಸುವ ಹೊತ್ತಿಗೆ ಜೇಬು ಖಾಲಿ.

ಅರ್ಧಕ್ಕೆ ನಿಂತ ಎಷ್ಟೋ ಹಳೇ ಗಾಡಿಗಳ ಕಥೆ ಒಂದೇ. ಉತ್ಸಾಹದಲ್ಲಿ ಕೊನೇ ನಟ್ಟಿನ ತನಕ ಬಿಚ್ಚಿ, ಡಬ್ಬಗಳಲ್ಲಿ ತುಂಬಿಟ್ಟು, ಆರು ತಿಂಗಳ ಮೇಲೆ ಯಾವುದು ಎಲ್ಲಿತ್ತು ಅಂತಲೇ ಮರೆತಿರುತ್ತಾರೆ. ಅಂಥ ಗಾಡಿ ಮಾರಲು ಹೋದರೆ ಕೊಳ್ಳುವವರು ಗುಜರಿ ಬೆಲೆ ಕೇಳುತ್ತಾರೆ. ಏನೇನು ಕಳೆದುಹೋಗಿದೆ ಅಂತ ಯಾರಿಗೂ ಗೊತ್ತಿಲ್ಲವಲ್ಲ! ಒಂದೊಂದೇ ಭಾಗ ಹಿಡಿದು ಮುಗಿಸುತ್ತಾ ಹೋದರೆ, ದುಡ್ಡಿಲ್ಲದ ತಿಂಗಳಲ್ಲೂ ಗಾಡಿ ಗಾಡಿಯಾಗಿಯೇ ಇರುತ್ತದೆ.

ಮೊದಲ ಸಲ ಕೈ ಹಾಕುವವರಿಗೆ ಪಿಕಪ್ ಒಳ್ಳೆಯ ಆಯ್ಕೆ. ಹಳೇ ಪಿಕಪ್‌ಗಳ ಕಟ್ಟಡವೇ ಸರಳ. ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಕ್ಯಾಬಿನ್, ಹಿಂದೆ ಬೇರೆಯೇ ಬೋಲ್ಟ್‌ಗಳಲ್ಲಿ ನಿಂತ ತೊಟ್ಟಿ. ಮಡ್‌ಗಾರ್ಡ್‌ಗಳನ್ನು ಕೂಡ ಬೋಲ್ಟ್ ಬಿಚ್ಚಿ ತೆಗೆಯಬಹುದು. ನಾಲ್ಕು ಜನ ಸೇರಿ ತೊಟ್ಟಿಯನ್ನು ಎತ್ತಿಟ್ಟರೆ ಹಿಂದಿನ ಆಕ್ಸಲ್, ಬ್ರೇಕ್ ಪೈಪ್, ಚಾಸಿ ಎಲ್ಲ ಕಣ್ಣೆದುರಿಗೇ ಬರುತ್ತವೆ. ಬಾನೆಟ್ ಕೆಳಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೈ ಆಡಿಸಲು ಬೇಕಾದಷ್ಟು ಜಾಗ ಇರುತ್ತದೆ.

ಯಾವ ಮಾಡೆಲ್ ಅನ್ನುವುದೂ ಖರ್ಚನ್ನು ನಿರ್ಧರಿಸುತ್ತದೆ. ಲಕ್ಷಗಟ್ಟಲೆ ತಯಾರಾದ ಗಾಡಿಗೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಅಮೆರಿಕದ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್ 1948ರ ಮಾಡೆಲ್‌ನಿಂದ ಇವತ್ತಿನವರೆಗೂ ಬರುತ್ತಿದೆ. ಅದರ 300 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ 1965ರಿಂದ 1996ರ ತನಕ ತಯಾರಾಯಿತು. ಅಲ್ಲಿಯದೇ ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ8 (ಎಂಟು ಸಿಲಿಂಡರ್) ಎಂಜಿನ್ 1955ರಲ್ಲಿ ಬಂತು. ಇವುಗಳ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ), ಪಂಪು, ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಕಿಟ್ ಈಗಲೂ ಹೊಸದಾಗಿ ತಯಾರಾಗುತ್ತಿವೆ. ಯಾರೂ ನೋಡಿರದ ಅಪರೂಪದ ಮಾಡೆಲ್ ಸಸ್ತಾಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. ಅದರ ಒಂದು ಟೈಲ್ ಲೈಟ್ ಗಾಜಿಗೆ ವರ್ಷಗಟ್ಟಲೆ ಹುಡುಕಬೇಕಾಗಬಹುದು.

ಇನ್ನು ನೀವು ನೋಡಿಟ್ಟಿರುವ ಗಾಡಿಯ ವಿಷಯ. ನಿಂತ ಎಂಜಿನ್‌ಗೆ ಹೆದರಬೇಡಿ, ಕೊಳೆತ ಕ್ಯಾಬಿನ್‌ಗೆ ಹೆದರಿ. ಎಂಜಿನ್ ಪೂರ್ತಿ ಹಾಳಾಗಿದ್ದರೂ ಇನ್ನೊಂದನ್ನು ತಂದು ಕೂರಿಸಬಹುದು. ತುಕ್ಕು ತಿಂದ ಕ್ಯಾಬಿನ್ ಹಾಗಲ್ಲ. ಟಿಂಕರಿಂಗ್ ಕೆಲಸ ಗಂಟೆಗಳನ್ನು ನುಂಗುತ್ತದೆ. ಬೇರೆಯವರ ಕೈಲಿ ಮಾಡಿಸಿದರೆ ಆ ಗಂಟೆಗಳಿಗೆಲ್ಲ ಕೂಲಿ ಕೊಡುವವರು ನೀವು.

ಆದ್ದರಿಂದ ಕೊಳ್ಳುವ ಮುಂಚೆ ಹಳೇ ಬಟ್ಟೆ ಹಾಕಿಕೊಂಡು ಗಾಡಿಯ ಕೆಳಗೆ ನುಗ್ಗಿ. ಕೈಯಲ್ಲಿ ಟಾರ್ಚ್, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಅಯಸ್ಕಾಂತ ಇರಲಿ. ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಕ್ಯಾಬಿನ್ ಚಾಸಿಯ ಮೇಲೆ ಕೂರುವ ಜಾಗಗಳು, ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್‌ನ ಹಿಂದಿನ ಕೆಳಮೂಲೆಗಳು, ಕಾಲಿಡುವ ತಳ, ಮುಂದಿನ ಗಾಜಿನ ಕೆಳಗೆ ನೀರು ನಿಲ್ಲುವ ಭಾಗ: ತುಕ್ಕು ಮೊದಲು ಕೂರುವುದು ಇಲ್ಲೆಲ್ಲ. ಹೊರಗಿನ ತಗಡಿನ ಮೇಲೆ ಅಯಸ್ಕಾಂತ ಆಡಿಸಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿನ ಮೇಲೆ ಪುಟ್ಟಿ ದಪ್ಪಗೆ ಕೂತಿದೆ ಅಂತ ಅರ್ಥ. ಮೇಲೆ ಫಳಫಳ ಹೊಳೆಯುವ ಗಾಡಿಗಿಂತ ಬಣ್ಣ ಮಾಸಿ ತಗಡು ಗಟ್ಟಿಯಿರುವ ಗಾಡಿಯೇ ಮೇಲು. ಮಡ್‌ಗಾರ್ಡ್, ಬಾಗಿಲು ಹಾಳಾಗಿದ್ದರೆ ಚಿಂತೆ ಬೇಡ, ಅವನ್ನು ಬದಲಿಸಬಹುದು. ಚಾಸಿಯೇ ತೂತು ಬಿದ್ದಿದ್ದರೆ ಮಾತ್ರ ಮರ್ಯಾದೆಯಿಂದ ಕೈಮುಗಿದು ವಾಪಸ್ ಬನ್ನಿ. ಹಾಗೆಯೇ, ಕಾಗದದಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿರುವುದಕ್ಕೆ ಹೊಂದುತ್ತದಾ ನೋಡಿ. ಕಾಗದಪತ್ರ ಸರಿಯಿಲ್ಲದ ಗಾಡಿಯನ್ನು ಎಷ್ಟು ಚೆನ್ನಾಗಿ ಸರಿಮಾಡಿದರೂ ರಸ್ತೆಗಿಳಿಸುವುದು ಕಷ್ಟ.

ತಿರುಗದ ಎಂಜಿನ್ ಅಂದಿರಲ್ಲ, ಅದಕ್ಕೆ ತಾಳ್ಮೆಯೇ ಮದ್ದು. ಸ್ಟಾರ್ಟರ್ ಹಾಕಿ ಬಲವಂತ ಮಾಡಬೇಡಿ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ತೂತುಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಅಥವಾ ತುಕ್ಕು ಬಿಡಿಸುವ ತೆಳು ಎಣ್ಣೆ ಸ್ವಲ್ಪ ಹಾಕಿ ಕೆಲವು ದಿನ ಬಿಡಿ. ಆಮೇಲೆ ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಆಸೆ ಇಟ್ಟುಕೊಳ್ಳಬಹುದು.

ಪೂರ್ತಿ ಸುತ್ತು ತಿರುಗಿದ ಮೇಲೆ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿ. ಇದು ಸಸ್ತಾ ಉಪಕರಣ, ಸುಮ್ನೆ ಎಂಜಿನ್ ಬಿಚ್ಚುವುದನ್ನು ತಪ್ಪಿಸುತ್ತದೆ. ಎಲ್ಲ ಸಿಲಿಂಡರ್‌ಗಳ ಅಂಕಿ ಒಂದಕ್ಕೊಂದು ಹತ್ತಿರ ಇದ್ದರೆ ಒಳ್ಳೆಯದು. ಒಂದರಲ್ಲಿ ತೀರಾ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ತೊಂದರೆ ವಾಲ್ವ್‌ನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ. ವಾಲ್ವ್ ಆದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಒಂದನ್ನೇ ಬಿಚ್ಚಿ ವರ್ಕ್‌ಶಾಪ್‌ಗೆ ಒಯ್ದರೆ ಸಾಕು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಹಳೇ ಟ್ಯಾಂಕಿನ ಪೆಟ್ರೋಲ್ ಮುಟ್ಟಲೇಬೇಡಿ. ವರ್ಷಗಟ್ಟಲೆ ಕೂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್‌ನ ಸಣ್ಣ ತೂತುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸಣ್ಣ ಕ್ಯಾನಿನಿಂದ ಹೊಸ ಪೈಪ್ ಎಳೆದು ಫ್ಯೂಯಲ್ ಪಂಪಿಗೆ ಕೊಡಿ. ಎಂಜಿನ್ ಆಯಿಲ್ ಬದಲಿಸಿ, ರೇಡಿಯೇಟರ್‌ಗೆ ನೀರು ತುಂಬಿ, ಡಿಸ್ಟ್ರಿಬ್ಯೂಟರ್‌ನ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಪಾಯಿಂಟ್ ಉಜ್ಜಿ ಗ್ಯಾಪ್ ಸರಿಮಾಡಿ. ಹಳೇ ರಬ್ಬರ್ ಪೈಪ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿ. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ಆ ಕಾಲದ ರಬ್ಬರನ್ನು ಮೆತ್ತಗೆ ಮಾಡಿ ಒಡೆಯುತ್ತದೆ. ಇನ್ನೊಂದು ಮಾತು: ಫೋರ್ಡ್, ಷೆವ್ರೊಲೆ ಎರಡರಲ್ಲೂ 1972ರ ತನಕದ ಬಹಳಷ್ಟು ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ. ಟ್ಯಾಂಕ್ ಸೋರುತ್ತಿದ್ದರೆ ಪೆಟ್ರೋಲ್ ಆವಿ ನಿಮ್ಮ ಜೊತೆಗೇ ಕೂತಿರುತ್ತದೆ. ಸೋರುವ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಹಾಕುವ ಧೈರ್ಯ ಬೇಡವೇ ಬೇಡ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ.

ಎಂಜಿನ್ ಗುಡುಗುಟ್ಟಿದ ತಕ್ಷಣ ಒಂದು ರೌಂಡ್ ಹೋಗಿ ಬರೋಣ ಅನ್ನಿಸುತ್ತದೆ ಅಲ್ವಾ? ಅದೇ ಅಪಾಯ. ಗಾಡಿ ಸರಿಯಾಗಿ ನಿಂತ ಮೇಲೆ ಓಡಲಿ ಅಂದದ್ದು ಇದಕ್ಕೇ. ಹಳೇ ಪಿಕಪ್‌ಗಳಲ್ಲಿ, ಅದರಲ್ಲೂ 1960ರ ದಶಕದ ಮಧ್ಯದ ತನಕ ಬಂದವುಗಳಲ್ಲಿ, ನಾಲ್ಕೂ ಚಕ್ರದ ಬ್ರೇಕಿಗೆ ಸಾಮಾನ್ಯವಾಗಿ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ), ಒಂದೇ ದಾರಿ. ಎಲ್ಲಿ ಒಂದು ಪೈಪ್ ಒಡೆದರೂ ಪೆಡಲ್ ಸೀದಾ ತಳ ಮುಟ್ಟುತ್ತದೆ, ನಾಲ್ಕೂ ಬ್ರೇಕ್ ಹೋದವು. ಆಮೇಲೆ ಬಂದ ಎರಡು ಭಾಗದ ಮಾಸ್ಟರ್ ಸಿಲಿಂಡರ್‌ನಲ್ಲಿ ಒಂದು ಕಡೆ ಸೋರಿದರೂ ಇನ್ನೊಂದು ಕಡೆ ಹಿಡಿಯುತ್ತದೆ. ಜನಪ್ರಿಯ ಮಾಡೆಲ್‌ಗಳಿಗೆ ಇದನ್ನು ಹಾಕಲು ಬೇಕಾದ ಕಿಟ್ ಸಿಗುತ್ತದೆ. ಇಡೀ ಗಾಡಿಯಲ್ಲಿ ಒಂದೇ ಒಂದು ಬದಲಾವಣೆಗೆ ದುಡ್ಡಿದೆ ಅಂದರೆ ಅದು ಇದಕ್ಕೆ ಹೋಗಲಿ. ಡಿಸ್ಕ್ ಬ್ರೇಕ್ ಆಮೇಲೆ ನೋಡಿದರಾಯಿತು. ಚೆನ್ನಾಗಿ ಹೊಂದಿಸಿದ ಡ್ರಮ್ ಬ್ರೇಕ್ ನಿಧಾನವಾಗಿ ಓಡುವ ಗಾಡಿಗೆ ಸಾಲುತ್ತದೆ.

ಡ್ರಮ್ ಬಿಚ್ಚುವಾಗ ಒಂದು ಸುಲಭದ ಉಪಾಯ ಇದೆ. ಒಂದು ಕಡೆಯ ಚಕ್ರದ ಕೆಲಸ ಪೂರ್ತಿ ಮುಗಿಯುವ ತನಕ ಇನ್ನೊಂದು ಕಡೆ ಮುಟ್ಟಬೇಡಿ. ಸ್ಪ್ರಿಂಗ್ ಯಾವ ತೂತಿಗೆ ಹೋಗಿತ್ತು ಅಂತ ಮರೆತರೆ ಆ ಕಡೆ ಹೋಗಿ ನೋಡಿ, ಎಡಬಲ ಬದಲಾಗಿರುತ್ತದೆ ಅಷ್ಟೆ. ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ವೀಲ್ ಸಿಲಿಂಡರ್ (ಚಕ್ರದ ಬಳಿ ಬ್ರೇಕ್ ಶೂ ತಳ್ಳುವ ಭಾಗ), ರಬ್ಬರ್ ಹೋಸ್, ತುಕ್ಕು ಹಿಡಿದ ಪೈಪ್ ಎಲ್ಲ ಹೊಸದೇ ಹಾಕಿ. ಇಲ್ಲಿ ಗುಜರಿ ಮಾಲು ಬೇಡ. ಬ್ರೇಕ್ ಆಯಿಲ್ ವಿಷಯದಲ್ಲೂ ಎಚ್ಚರ. ಡಬ್ಬಿಯ ಮೇಲೆ ಬರೆದಿರುವ ದರ್ಜೆಗಳಲ್ಲಿ ಡಾಟ್ 3, ಡಾಟ್ 4 ಗಾಳಿಯ ತೇವ ಹೀರುತ್ತವೆ, ಹಾಗಾಗಿ ಅರ್ಧ ಖಾಲಿಯಾದ ಹಳೇ ಡಬ್ಬಿ ಬಳಸಬೇಡಿ. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು ಇವುಗಳ ಜೊತೆ ಬೆರೆಸಬಾರದು.

ಟೈರಿನ ಮೇಲಿನ ಗುಂಡಿ (ಟ್ರೆಡ್) ಸವೆಯದೆ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. 2000ದಿಂದೀಚೆಗೆ ತಯಾರಾದ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. 2315 ಅಂದರೆ 2015ರ ಇಪ್ಪತ್ಮೂರನೇ ವಾರ. ಹತ್ತು ವರ್ಷ ದಾಟಿದ ಟೈರ್ ನೋಡಲು ಹೊಸದರಂತಿದ್ದರೂ ಹೊರಗೆ ಹಾಕಿ. ಎರಡು ತುಂಡಿನ ರಿಮ್ ಇರುವ ಹಳೇ ಚಕ್ರವಾದರೆ ಮನೆಯಲ್ಲಿ ಬಿಚ್ಚಲೇಬೇಡಿ. ಗಾಳಿಯ ಒತ್ತಡಕ್ಕೆ ರಿಂಗ್ ಹಾರಿ ಜೀವ ಹೋದದ್ದಿದೆ.

ವೈರಿಂಗ್ ಅಂದರೆ ಹೊಸಬರಿಗೆ ಭಯ. ಆದರೆ ಹಳೇ ಗಾಡಿಯ ದೀಪ ಮಿಣುಕುವುದಕ್ಕೆ, ಸ್ಟಾರ್ಟರ್ ಮುಲುಗುವುದಕ್ಕೆ ಎಷ್ಟೋ ಸಲ ಕಾರಣ ಅರ್ಥ್ ಸರಿಯಿಲ್ಲದಿರುವುದು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್‌ಗೆ, ಕ್ಯಾಬಿನ್‌ಗೆ ಹೋಗುವ ವೈರ್ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿಯಿರಿ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. 1950ರ ದಶಕದ ಮೊದಲರ್ಧದ ಗಾಡಿಯಾದರೆ ಅದು 6 ವೋಲ್ಟ್‌ನದ್ದಾಗಿರಬಹುದು. ಅಷ್ಟೇ ಶಕ್ತಿಗೆ 12 ವೋಲ್ಟ್‌ಗಿಂತ ಎರಡು ಪಟ್ಟು ಕರೆಂಟ್ ಹರಿಯಬೇಕು, ಹಾಗಾಗಿ ದಪ್ಪ ಕೇಬಲ್ಲೇ ಬೇಕು. ಈಗಿನ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿ, ಸ್ಟಾರ್ಟರ್ ಕೆಟ್ಟಿದೆ ಅಂತ ಅದನ್ನು ಬದಲಿಸುವವರಿದ್ದಾರೆ. ಬಟ್ಟೆ ಸುತ್ತಿದ ಹಳೇ ವೈರ್ ಪುಡಿಪುಡಿ ಆಗುತ್ತಿದ್ದರೆ ಮಾತ್ರ ತೇಪೆ ಹಾಕದೆ ಪೂರ್ತಿ ಹೊಸ ವೈರಿಂಗ್ ಹಾಕಿ. ಬೆಂಕಿ ಹತ್ತುವುದು ಅಂಥ ಕಡೆ.

ಈಗ ತುಕ್ಕು. ಸಣ್ಣಪುಟ್ಟ ಭಾಗಗಳನ್ನು ಬಿಳಿ ವಿನೆಗರ್‌ನಲ್ಲಿ ಒಂದು ದಿನ ನೆನೆಸಿ ಬ್ರಷ್ ಹಾಕಿದರೆ ತುಕ್ಕು ಬಿಡುತ್ತದೆ. ತೆಗೆದ ತಕ್ಷಣ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ತೂತು ಬಿದ್ದ ಕಡೆ ಪುಟ್ಟಿ ತುಂಬಿ ಮುಚ್ಚುವುದು ದುಡ್ಡು ಉಳಿಸಿದ ಹಾಗಲ್ಲ. ಹಿಂದಿನಿಂದ ತೇವ ಬರುತ್ತಲೇ ಇರುತ್ತದೆ, ಸ್ವಲ್ಪ ಕಾಲದಲ್ಲೇ ಪುಟ್ಟಿ ಗುಳ್ಳೆ ಎದ್ದು ಉದುರುತ್ತದೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ವೆಲ್ಡಿಂಗ್ ಕಲಿಯಬಹುದು, ಆದರೆ ನಿಮ್ಮ ಗಾಡಿಯ ಮೇಲೆ ಕಲಿಯಬೇಡಿ. ಗುಜರಿಯಿಂದ ಅಷ್ಟೇ ದಪ್ಪದ ತಗಡು ತಂದು ಅಭ್ಯಾಸ ಮಾಡಿ. ಉದ್ದಕ್ಕೆ ಗೆರೆ ಎಳೆದ ಹಾಗೆ ಬೆಸೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ದೂರ ದೂರಕ್ಕೆ ಒಂದೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮಧ್ಯದ ಜಾಗ ತುಂಬುತ್ತಾ ಬನ್ನಿ.

ದುಡ್ಡಿಲ್ಲದವರು ಹೆಚ್ಚಾಗಿ ಎಡವುವುದು ಪ್ರೈಮರ್‌ನಲ್ಲಿ, ಅಂದರೆ ಬಣ್ಣದ ಕೆಳಗೆ ಹೊಡೆಯುವ ಮೊದಲ ಪದರದಲ್ಲಿ. ಬಣ್ಣ ಆಮೇಲೆ ಹೊಡೆಯೋಣ, ಸದ್ಯಕ್ಕೆ ಪ್ರೈಮರ್ ಇರಲಿ ಅಂತ ಬಿಡುತ್ತಾರೆ. ಸಾಮಾನ್ಯ ಪ್ರೈಮರ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಅದು ನೀರು ಹೀರುತ್ತದೆ. ಹೊರಗೆ ನಿಂತ ಗಾಡಿಯಲ್ಲಿ ಅದರ ಕೆಳಗೇ ತುಕ್ಕು ಶುರುವಾಗುತ್ತದೆ. ಬರಿ ಲೋಹಕ್ಕೆ ಎಪಾಕ್ಸಿ ಪ್ರೈಮರ್ ಹಾಕಿ, ಅದು ತೇವ ತಡೆಯುತ್ತದೆ. ಅದನ್ನು ಹೊಡೆಯುವಾಗ ತಕ್ಕ ಮಾಸ್ಕ್ ಬೇಕೇ ಬೇಕು. ಹಳೇ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಉಜ್ಜುವಾಗಲೂ ಮಾಸ್ಕ್ ತೆಗೆಯಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಒಂದೆರಡು ವರ್ಷ ಮಾಸಿದ ಹಳೇ ಬಣ್ಣವನ್ನೇ ಬಿಟ್ಟುಬಿಡಿ. ಬಿಸಿಲಿಗೆ ಸುಕ್ಕಿದ ಬಣ್ಣದ ಪಿಕಪ್‌ಗೆ ಅದರದೇ ಒಂದು ಗತ್ತು ಇರುತ್ತದೆ. ಓಡಿಸುತ್ತಾ ಓಡಿಸುತ್ತಾ ಯಾವ ಭಾಗಕ್ಕೆ ಇನ್ನೂ ಕೆಲಸ ಬೇಕು ಅಂತ ಗೊತ್ತಾಗುತ್ತದೆ. ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಜಾರಿ ಗೀರು ಬೀಳುವುದೂ ತಪ್ಪುತ್ತದೆ.

ಖರ್ಚಿನ ವಿಷಯಕ್ಕೆ ಬರೋಣ. ಮೊದಲು ಕೊಳ್ಳಬೇಕಾದ್ದು ಆ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್. ಎರಡನೆಯದು ಒಳ್ಳೆಯ ಜಾಕ್ ಸ್ಟ್ಯಾಂಡ್‌ಗಳು. ಬರಿ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಇಟ್ಟಿಗೆ ಕೊಟ್ಟು ನಿಲ್ಲಿಸಿ ಹೋಗುವುದಂತೂ ಬೇಡವೇ ಬೇಡ. ಸ್ಪ್ಯಾನರ್, ಸಾಕೆಟ್ ಸೆಟ್ ಕೊಳ್ಳಿ. ವರ್ಷಕ್ಕೊಮ್ಮೆ ಬೇಕಾಗುವ ಎಂಜಿನ್ ಎತ್ತುವ ಕ್ರೇನ್, ಬಿಗಿಯಾಗಿ ಕೂತ ಭಾಗ ಎಳೆದು ತೆಗೆಯುವ ಪುಲ್ಲರ್‌ಗಳನ್ನು ಬಾಡಿಗೆಗೆ ತನ್ನಿ. ಏನೇ ಬಿಚ್ಚಿದರೂ ಮೊದಲು ಫೋಟೊ ತೆಗೆಯಿರಿ, ಬೋಲ್ಟ್‌ಗಳನ್ನು ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಹೊಸ ಭಾಗ ಕೂತು ಕೆಲಸ ಮಾಡುವ ತನಕ ಹಳೇದನ್ನು ಎಸೆಯಬೇಡಿ. ಎಷ್ಟೋ ಸಲ ಹೊಸದಕ್ಕೆ ಬ್ರಾಕೆಟ್ ಬರುವುದಿಲ್ಲ, ಹಳೇದರಿಂದಲೇ ಕಿತ್ತು ಹಾಕಬೇಕು. ಸ್ಟಾರ್ಟರ್, ಡೈನಮೊ, ಕಾರ್ಬುರೇಟರ್ ಇಂಥವನ್ನು ಹೊಸದು ಕೊಳ್ಳುವ ಬದಲು ಕಿಟ್ ತಂದು ಬಿಚ್ಚಿ ಸರಿಮಾಡಿ. ಕೈ ಕುದುರುವುದು ಅಲ್ಲೇ.

ಕೆಲವು ಕೆಲಸ ಹೊರಗೆ ಕೊಡುವುದೇ ಸರಿ. ಸಿಲಿಂಡರ್ ಬೋರ್ ಮಾಡುವುದು, ವಾಲ್ವ್ ಸೀಟ್ ಕೂರಿಸುವುದು, ವೀಲ್ ಅಲೈನ್‌ಮೆಂಟ್, ಕೊನೆಯ ಬಣ್ಣ ಇವಕ್ಕೆಲ್ಲ ಬೇರೆಯೇ ಯಂತ್ರ, ಬೇರೆಯೇ ಕೈ ಬೇಕು. ಆದರೆ ಗಾಡಿಯನ್ನು ಇದ್ದ ಹಾಗೆಯೇ ತಳ್ಳಿಕೊಂಡು ಹೋಗಬೇಡಿ. ಎಂಜಿನ್ ಹೆಡ್ ನೀವೇ ಬಿಚ್ಚಿ, ತೊಳೆದು ಒಯ್ಯಿರಿ. ಬಣ್ಣಕ್ಕೆ ಬಿಡುವ ಮುಂಚೆ ಬಂಪರ್, ದೀಪ, ಗ್ರಿಲ್, ಬಾಗಿಲ ಹಿಡಿ, ರಬ್ಬರ್ ಪಟ್ಟಿ ಎಲ್ಲ ಕಳಚಿ ಮನೆಯಲ್ಲಿಡಿ, ತಗಡನ್ನೂ ಆದಷ್ಟು ಉಜ್ಜಿ ಕೊಡಿ. ಪೇಂಟರ್ ಹತ್ತಿರ ಮೊದಲೇ ಮಾತಾಡಿಕೊಂಡು, ಎಲ್ಲಿಯ ತನಕ ನೀವು ಮಾಡಿ ತರಬಹುದು ಅಂತ ಕೇಳಿ. ಬಿಚ್ಚಿ ಕಟ್ಟುವ ಕೂಲಿ ಅಷ್ಟೂ ಉಳಿಯುತ್ತದೆ, ಆ ದುಡ್ಡಿಗೆ ನಾಲ್ಕು ಹೊಸ ಟೈರ್ ಬರಲೂಬಹುದು.