ಪಕ್ಕದಲ್ಲಿ ಕೂರಿಸಿದರೆ ಒಳಗೊಂಡಂತೆಯೇ? ಏಕೀಕರಣ, ಒಳಗೊಳ್ಳುವಿಕೆ ಬಗ್ಗೆ ಟಿಪ್ಪಣಿ

ನಾಲ್ಕು ಪದ ಬರೆದಿಟ್ಟುಕೊಳ್ಳಿ: ಹೊರಗಿಡುವುದು, ಬೇರೆ ಇಡುವುದು, ಏಕೀಕರಣ, ಒಳಗೊಳ್ಳುವಿಕೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2016ರಲ್ಲಿ ಮಕ್ಕಳ ಶಿಕ್ಷಣದ ವಿಷಯದಲ್ಲಿ ಈ ನಾಲ್ಕನ್ನೂ ಬಿಡಿಸಿ ಹೇಳಿತು. ಮೊದಲೆರಡು ಸುಲಭ: ಮಗುವನ್ನು ಶಾಲೆಗೇ ಸೇರಿಸದಿರುವುದು, ಇಲ್ಲವೇ ಬೇರೆ ಜಾಗದಲ್ಲಿ ಕಲಿಸುವುದು. ನನ್ನನ್ನು ಕಾಡಿದ್ದು ಕೊನೆಯ ಎರಡು.

ಯಾಕಂದರೆ ಎರಡರಲ್ಲೂ ಮಗು ಎಲ್ಲರ ಜೊತೆ ಒಂದೇ ತರಗತಿಯಲ್ಲಿ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಒಂದೇ ಥರ. ಕೊನೆಗೆ ಒಂದು ಪ್ರಶ್ನೆ ದಾರಿ ತೋರಿಸಿತು: ಬದಲಾಗಬೇಕಾದ್ದು ಯಾರು? ಮಗುವೇ ಶಾಲೆಗೆ ಹೊಂದಿಕೊಳ್ಳಬೇಕು ಅಂದರೆ ಏಕೀಕರಣ. ಶಾಲೆ ತನ್ನ ಪಾಠ, ಪರೀಕ್ಷೆ, ನಿಯಮ ಬದಲಿಸಿಕೊಂಡರೆ ಒಳಗೊಳ್ಳುವಿಕೆ.

ಮನೆಯಲ್ಲಿ ಬೇರೆ ಭಾಷೆ ಆಡುವ ಹುಡುಗಿಯನ್ನು ನೆನೆಸಿಕೊಳ್ಳಿ. 'ಮೊದಲು ಶಾಲೆಯ ಭಾಷೆ ಕಲಿ, ಆಮೇಲೆ ಗಣಿತ' ಅಂದರೆ ಅದು ಏಕೀಕರಣ. ಅವಳು ತನ್ನ ಭಾಷೆಯಲ್ಲೇ ಲೆಕ್ಕ ಬಿಡಿಸಲಿ, ಉತ್ತರವನ್ನು ಚಿತ್ರ ಬರೆದು ತೋರಿಸಲಿ, ಶಾಲೆಯ ಭಾಷೆ ಜೊತೆಜೊತೆಗೇ ಬರಲಿ ಅಂದರೆ ಒಳಗೊಳ್ಳುವಿಕೆ. ತಮ್ಮನನ್ನು ನೋಡಿಕೊಂಡು ತಡವಾಗಿ ಬರುವ ಹುಡುಗನಿಗೂ ಇದೇ ಪ್ರಶ್ನೆ ಹಾಕಿ ನೋಡಿ. ಅವನನ್ನು ದಿನಾ ಬಾಗಿಲ ಹೊರಗೆ ನಿಲ್ಲಿಸುವ ಶಾಲೆಯಲ್ಲಿ ಬದಲಾಗಬೇಕಾದ್ದು ಅವನೊಬ್ಬನೇ, ಅಲ್ವಾ?

ಇದು ಅಂಗವೈಕಲ್ಯಕ್ಕೆ ಮಾತ್ರ ಸಂಬಂಧಪಟ್ಟ ವಿಷಯ ಅಂದುಕೊಳ್ಳಬೇಡಿ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲಿ ಕಲಿಯಲಿ ಅಂತ ಒಪ್ಪಿದ ಚೌಕಟ್ಟಿನಲ್ಲಿ ಬೀದಿ ಮಕ್ಕಳು, ದುಡಿಯುವ ಮಕ್ಕಳು, ಅಲೆಮಾರಿ ಮಕ್ಕಳೂ ಇದ್ದಾರೆ.

ನಾನು ಎಡವಿದ ಇನ್ನೊಂದು ಕಡೆ ಇದು. ರ‍್ಯಾಂಪ್ ಕಟ್ಟುವುದೂ ಒಂದು ಮಗುವಿಗೆ ದೊಡ್ಡ ಅಕ್ಷರದ ಪುಸ್ತಕ ಕೊಡುವುದೂ ಒಂದೇ ಅಂದುಕೊಂಡಿದ್ದೆ. ಅಲ್ಲ. ರ‍್ಯಾಂಪ್ 'ಸುಗಮ ಪ್ರವೇಶ'. ಅದು ಗುಂಪಿಗೆ, ಯಾರೂ ಕೇಳುವ ಮೊದಲೇ ಇರಬೇಕಾದ್ದು, ಹಂತ ಹಂತವಾಗಿ ಮಾಡಬಹುದು. ದೊಡ್ಡ ಅಕ್ಷರದ ಪುಸ್ತಕ 'ಸೂಕ್ತ ಹೊಂದಾಣಿಕೆ'. ಅದು ಈ ಒಂದು ಮಗುವಿಗೆ, ಬೇಕು ಅಂದಾಗಲೇ ಕೊಡಬೇಕಾದ್ದು. ಶಾಲೆಗೆ ವಿಪರೀತ ಹೊರೆಯಾಗದಿದ್ದರೂ ಕೊಡದಿದ್ದರೆ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದದ ಪ್ರಕಾರ ಅದು ತಾರತಮ್ಯ. ಹಾಗಾಗಿ 'ಮುಂದಿನ ವರ್ಷ ನೋಡೋಣ' ಅನ್ನುವ ಉತ್ತರ ರ‍್ಯಾಂಪಿಗೆ ಒಮ್ಮೊಮ್ಮೆ ನಡೆದೀತು, ಪುಸ್ತಕಕ್ಕೆ ನಡೆಯದು.

ಹೀಗೆ ಬದಲಾಗಲು ಶಾಲೆಗೂ ನೆರವು ಬೇಕು. ಆ ನೆರವು ಅಂದರೆ ಏನು? ಸುಮ್ನೆ ಒಂದು ದಿನದ ತರಬೇತಿ ಕೊಟ್ಟರೆ ಸಾಲದು. ಶಿಕ್ಷಕರಿಗೆ ಕೂಡಿ ಪಾಠ ಯೋಜಿಸುವ ಸಮಯ ಬೇಕು. ವಿಶೇಷ ಶಾಲೆಗಳ ಅನುಭವಿ ಶಿಕ್ಷಕರು ಸಾಮಾನ್ಯ ಶಾಲೆಗಳಿಗೆ ಬಂದು ಜೊತೆಗೆ ಕೆಲಸ ಮಾಡಬೇಕು. ಇದನ್ನೂ ಸಲಮಾಂಕಾದಲ್ಲೇ ಹೇಳಿದ್ದರು. ನನ್ನ ಪ್ರಕಾರ ಇದೇ ಜಾಸ್ತಿ ಉಪಯೋಗದ ನೆರವು. ಆದರೆ ಆ ಶಿಕ್ಷಕರು ಮಗುವನ್ನು ದಿನವೂ ಬೇರೆ ಕೋಣೆಗೆ ಕರೆದೊಯ್ದರೆ ಮತ್ತೆ 'ಬೇರೆ ಇಡುವುದು' ಶುರುವಾಗುತ್ತದೆ.

ಶಾಲೆ ನೋಡಲು ಹೋದಾಗ ಹಾಜರಿ ಪುಸ್ತಕವನ್ನಷ್ಟೇ ನೋಡಿ ಬರಬೇಡಿ. ಗುಂಪು ಚಟುವಟಿಕೆ ನಡೆಯುವಾಗ ಹತ್ತು ನಿಮಿಷ ಹಿಂದೆ ಕೂತು, ಇಂಥ ಮಗುವಿನ ಕೈಗೆ ಯಾವ ಕೆಲಸ ಬಂತು ಅಂತ ನೋಡಿ.