24 ಶಾಸಕರಿದ್ದ ಕೊಡಗಿಗೆ ಈಗ ಇಬ್ಬರೇ: ಅಕ್ಟೋಬರ್ 31, ನವೆಂಬರ್ 1ರ ಹಿಂದಿನ ಕಥೆ

ಅಕ್ಟೋಬರ್ 31 ಬಂತಂದ್ರೆ ಪೇಪರ್ ತುಂಬ ಸರ್ದಾರ್ ಪಟೇಲರ ಜಯಂತಿ, ಇಂದಿರಾ ಗಾಂಧಿ ಪುಣ್ಯತಿಥಿ, ಮಾರನೇ ದಿನ ರಾಜ್ಯೋತ್ಸವ, ಪ್ರಶಸ್ತಿ ಪಟ್ಟಿ, ಯಾರಿಗೆ ಸಿಕ್ತು ಯಾರಿಗೆ ಸಿಗ್ಲಿಲ್ಲ ಅನ್ನೋ ಚರ್ಚೆ. ಎಲ್ಲಾ ಸರಿ. ಆದ್ರೆ ಕೊಡಗಿನವರಿಗೆ ಇದೇ ಎರಡು ದಿನದಲ್ಲಿ ಇನ್ನೂ ಎರಡು ವಿಷಯ ಇದೆ, ಅದು ರಾಜ್ಯಮಟ್ಟದ ಸುದ್ದೀಲಿ ಬರೋದೇ ಅಪರೂಪ. 1837ರ ಅಕ್ಟೋಬರ್ 31ಕ್ಕೆ ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಮಡಿಕೇರಿ ಕೋಟೇಲಿ ಬ್ರಿಟಿಷರು ಗಲ್ಲಿಗೇರಿಸಿದ್ರು. 1956ರ ಅಕ್ಟೋಬರ್ 31 ಕೊಡಗು ಅನ್ನೋ ರಾಜ್ಯದ ಕೊನೇ ದಿನ. ಮಾರನೇ ದಿನ ಬೆಳಗ್ಗೆ ಎದ್ದಾಗ ನಾವು ಮೈಸೂರು ರಾಜ್ಯದ ಒಂದು ಜಿಲ್ಲೆ.

ಈ ಎರಡಕ್ಕೂ ಏನು ಸಂಬಂಧ ಅಂತ ಕೇಳ್ಬಹುದು. ನನ್ನ ಪ್ರಕಾರ ಸಂಬಂಧ ಇದೆ, ಎರಡರಲ್ಲೂ ನಮ್ಮ ಗಡಿ ಗೆರೆ ಎಳೆದವರು ದೂರದಲ್ಲಿ ಕೂತಿದ್ದವರು.

1834ರಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಬಂದು ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನ ಇಳಿಸ್ತು, ಹಾಲೇರಿ ಅರಸರ ಎರಡು ಶತಮಾನಕ್ಕೂ ಹೆಚ್ಚಿನ ಆಳ್ವಿಕೆ ಅಲ್ಲಿಗೆ ಮುಗೀತು, ರಾಜ ಕೊನೆಗೆ 1859ರಲ್ಲಿ ಲಂಡನ್ನಲ್ಲಿ ತೀರಿಹೋದ. ಅದು ಎಲ್ಲರಿಗೂ ಗೊತ್ತಿರೋ ಕಥೆ. ಜನ ಮರೆತಿರೋದು ಏನಂದ್ರೆ, ಕಂಪನಿಯವರು ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನ ಕಿತ್ತು ಕೆನರಾ ಜಿಲ್ಲೆಗೆ ಹಾಕಿದ್ರು, ಕಂದಾಯ ದವಸದಲ್ಲಿ ಕೊಡ್ತಿದ್ದ ರೈತರಿಗೆ ಇನ್ಮೇಲೆ ದುಡ್ಡಲ್ಲೇ ಕಟ್ಟಿ ಅಂದ್ರು. ದುಡ್ಡು ಎಲ್ಲಿಂದ ಬರ್ಬೇಕು? ಸಾಲ ಮಾಡ್ಬೇಕು, ಇಲ್ಲ ಬೆಳೆನ ಕಡಿಮೆ ರೇಟಿಗೆ ಮಾರ್ಬೇಕು. 1837ರ ಅಮರ ಸುಳ್ಯ ದಂಗೆ ಹುಟ್ಟಿದ್ದು ಇಲ್ಲಿಂದ. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಅಂತ ಹೆಸರಿಟ್ಟುಕೊಂಡ ಪುಟ್ಟಬಸಪ್ಪ, ಗುಡ್ಡೆಮನೆ ಅಪ್ಪಯ್ಯ ಗೌಡರು, ಇವರೆಲ್ಲ ಸೇರಿ ಬೆಳ್ಳಾರೆ ಖಜಾನೆ ಹಿಡಿದು ಮಂಗಳೂರಿನ ತನಕ ಹೋಗಿ ಅಲ್ಲಿ 13 ದಿನ ತಮ್ಮ ಬಾವುಟ ಹಾರಿಸಿದ್ರು. 1857ಕ್ಕಿಂತ 20 ವರ್ಷ ಮೊದಲು! ಶಾಲೆ ಪುಸ್ತಕದಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕೊಡಗು ಕಮಿಷನರ್, ಆಮೇಲೆ ಚೀಫ್ ಕಮಿಷನರ್ ಆಡಳಿತದಲ್ಲಿ ಇತ್ತು, ಅದರಲ್ಲಿ ಬಹಳ ವರ್ಷ ಆ ಚೀಫ್ ಕಮಿಷನರ್ ಅಂದ್ರೆ ಬೆಂಗಳೂರಲ್ಲಿದ್ದ ಮೈಸೂರಿನ ರೆಸಿಡೆಂಟೇ, ಅಂದ್ರೆ ಮೈಸೂರು ಸಂಸ್ಥಾನದಲ್ಲಿದ್ದ ಬ್ರಿಟಿಷರ ಪ್ರತಿನಿಧಿ. 1924ರಲ್ಲಿ ಒಂದು ಲೆಜಿಸ್ಲೇಟಿವ್ ಕೌನ್ಸಿಲ್ ಬಂತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದಲ್ಲಿ ಕೊಡಗು 'ಸಿ' ದರ್ಜೆ ರಾಜ್ಯ, ಅಂದ್ರೆ ಕೇಂದ್ರದ ಹಿಡಿತದಲ್ಲಿರೋ ಸಣ್ಣ ರಾಜ್ಯ ಆಯ್ತು. ಅಜ್ಮೀರ್, ಭೋಪಾಲ್, ದೆಹಲಿ, ಹಿಮಾಚಲ ಪ್ರದೇಶ, ಕಛ್, ಮಣಿಪುರ, ತ್ರಿಪುರ, ವಿಂಧ್ಯ ಪ್ರದೇಶ ಇವೆಲ್ಲ ಅದೇ ಪಟ್ಟೀಲಿ ಇದ್ದವು. ಇದರಲ್ಲಿ ಹಿಮಾಚಲ 1971ರಲ್ಲಿ, ಮಣಿಪುರ ತ್ರಿಪುರ 1972ರಲ್ಲಿ ಪೂರ್ಣ ರಾಜ್ಯ ಆದವು, ದೆಹಲಿಗೆ ಇವತ್ತೂ ಅದರದ್ದೇ ವಿಧಾನಸಭೆ ಇದೆ. ನಮ್ಮೂರಲ್ಲಿ ಹಿರಿಯರು ಹಿಮಾಚಲದ ಹೆಸರು ಎತ್ತಿದ್ರೆ ಅದಕ್ಕೆ ಇದೇ ಕಾರಣ.

1952ರ ಮೊದಲ ಚುನಾವಣೇಲಿ ಕೊಡಗಿನ ವಿಧಾನಸಭೆಗೆ 24 ಸೀಟು. ಕಾಂಗ್ರೆಸ್ 15 ಗೆದ್ದಿತು, ಉಳಿದ 9 ಪಕ್ಷೇತರರದ್ದು, ತಕ್ಕಡಿ ಗುರುತಿನವರು, ಅದಕ್ಕೇ ತಕ್ಕಡಿ ಪಾರ್ಟಿ ಅಂತ ಜನ ಕರೀತಿದ್ರು. ಚುನಾವಣೆಯ ಮುಖ್ಯ ಪ್ರಶ್ನೆ ಒಂದೇ, ಮೈಸೂರಿನ ಜೊತೆ ಸೇರ್ಬೇಕಾ ಬೇಡ್ವಾ. ಸೇರೋಣ ಅನ್ನೋ ಕಡೆ ಸಿ.ಎಂ. ಪೂಣಚ್ಚ, ಬೇಡ ಅನ್ನೋ ಕಡೆ ಪಂದ್ಯಂಡ ಬೆಳ್ಳಿಯಪ್ಪ. ಇಬ್ರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರು, ಬೆಳ್ಳಿಯಪ್ಪನವರನ್ನ ಕೊಡಗಿನ ಗಾಂಧಿ ಅಂತಲೇ ಕರೀತಿದ್ರು. ಹಾಗಾಗಿ ವಿಲೀನ ಬೇಡ ಅಂದವರೆಲ್ಲ ದೇಶದ ವಿರೋಧಿಗಳು ಅಂತಾನೋ, ಬೇಕು ಅಂದವರೆಲ್ಲ ನಾಡು ಮಾರಿದವರು ಅಂತಾನೋ ಈಗ ಯಾರಾದ್ರೂ ಮಾತಾಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಎರಡೂ ಕಡೆ ಈ ಮಣ್ಣನ್ನ ಪ್ರೀತಿಸಿದವರೇ ಇದ್ದಿದ್ದು.

ಪೂಣಚ್ಚ ಮುಖ್ಯಮಂತ್ರಿ ಆದ್ರು, ಇಬ್ಬರೇ ಮಂತ್ರಿಗಳ ಸರ್ಕಾರ, ಇನ್ನೊಬ್ರು ಕುಟ್ಟೂರು ಮಲ್ಲಪ್ಪ. ಮಡಿಕೇರಿ ಕೋಟೆ ಒಳಗಿನ ಆ ಹಾಲ್‌ಗೆ ಇವತ್ತೂ ಹಳೇ ವಿಧಾನ ಸಭಾಂಗಣ ಅಂತಲೇ ಹೆಸರು, ಅಲ್ಲಿ ಮೀಟಿಂಗಿಗೆ ಹೋಗೋ ಎಷ್ಟೋ ಹುಡುಗರಿಗೆ ಅದು ಒಂದು ಕಾಲಕ್ಕೆ ಒಂದು ರಾಜ್ಯದ ವಿಧಾನಸಭೆ ಅಂತ ಗೊತ್ತಿಲ್ಲ. ಲೋಕಸಭೆಗೆ ಕೊಡಗಿಂದ ಕೊಡಗಿಗೇ ಅಂತ ಒಬ್ಬ ಎಂಪಿ ಇದ್ರು, ನಿಡ್ಯಮಲೆ ಸೋಮಣ್ಣ.

1953ರ ಕೊನೇಲಿ ರಾಜ್ಯಗಳ ಗಡಿ ಹೊಸದಾಗಿ ಹೇಗೆ ಹಾಕೋದು ಅಂತ ನೋಡೋಕೆ ಫಜಲ್ ಅಲಿ ಆಯೋಗ ಬಂತು, 1955ರಲ್ಲಿ ವರದಿ ಕೊಡ್ತು, ಸಣ್ಣ 'ಸಿ' ರಾಜ್ಯಗಳು ಸ್ವಂತವಾಗಿ ನಿಲ್ಲೋದು ಕಷ್ಟ ಅನ್ನೋ ಲೆಕ್ಕ, ಕೊಡಗು ಕರ್ನಾಟಕಕ್ಕೆ ಅಂತ ಶಿಫಾರಸು. ಆಗ ಕೊಡಗಿನ ಜನಸಂಖ್ಯೆ ಬರೀ 2.29 ಲಕ್ಷ. ಕನ್ನಡ ಮಾತಾಡೋರು ಇಲ್ಲಿ ಹೆಚ್ಚಿದ್ರು, ಅರಸರ ಆಡಳಿತದ ಭಾಷೆನೂ ಕನ್ನಡವೇ. ಹಾಗಾಗಿ ಕರ್ನಾಟಕಕ್ಕೆ ಸೇರಿದ್ದು ತಪ್ಪು ಅಂತ ನಾನು ಹೇಳಲ್ಲ. ಪ್ರತ್ಯೇಕ ರಾಜ್ಯ ಬೇಕು ಅನ್ನೋ ಕೂಗಿಗೂ ನನ್ನ ಬೆಂಬಲ ಇಲ್ಲ. ಆದ್ರೆ ಸೇರಿದ ಮೇಲೆ ಏನಾಯ್ತು ಅಂತ ನೋಡಿ.

ಕೊಡಗಿನ ಲೋಕಸಭೆ ಸೀಟು ಹೋಯ್ತು, ಮಂಗಳೂರು ಕ್ಷೇತ್ರಕ್ಕೆ ಸೇರಿಸಿದ್ರು. 1967ರಲ್ಲಿ ಅಲ್ಲಿಂದ ಪೂಣಚ್ಚ ಗೆದ್ದು ಕೇಂದ್ರದಲ್ಲಿ ರೈಲ್ವೆ ಮಂತ್ರಿನೂ ಆದ್ರು. (ಕೊಡಗಿಗೆ ಇವತ್ತಿಗೂ ರೈಲಿಲ್ಲ, ಕಾಡು ಬೆಟ್ಟ ಕಡಿದು ರೈಲು ತರೋದು ಬೇಡ ಅನ್ನೋರ ಪೈಕಿ ನಾನೂ ಒಬ್ಬ.) ಅದಾದ ಮೇಲೆ ನಮ್ಮನ್ನ ಪ್ರತಿನಿಧಿಸೋ ಕ್ಷೇತ್ರದಿಂದ ಕೊಡಗಿನವರು ಒಬ್ರೂ ಲೋಕಸಭೆಗೆ ಗೆದ್ದಿಲ್ಲ. ಜನಾರ್ದನ ಪೂಜಾರಿ, ಧನಂಜಯ ಕುಮಾರ್, ಸದಾನಂದ ಗೌಡ, 2008ರ ಕ್ಷೇತ್ರ ಮರುವಿಂಗಡಣೆ (ಡಿಲಿಮಿಟೇಶನ್) ಆದ್ಮೇಲೆ ಮೈಸೂರಿಗೆ ಸೇರಿಸಿದ್ರಿಂದ ಎಚ್. ವಿಶ್ವನಾಥ್, ಪ್ರತಾಪ್ ಸಿಂಹ, ಈಗ ಯದುವೀರ್. ಅವರವರ ಕೆಲಸದ ಬಗ್ಗೆ ಬೇರೆ ಮಾತಾಡೋಣ, ಆದ್ರೆ ಎಂಟು ವಿಧಾನಸಭಾ ಕ್ಷೇತ್ರದಲ್ಲಿ ನಮ್ಮದು ಎರಡು ಅಂದ್ರೆ ಟಿಕೆಟ್ ಕೊಡೋ ಪಕ್ಷಗಳ ಲೆಕ್ಕದಲ್ಲಿ ನಾವು ಎಲ್ಲಿರ್ತೀವಿ ಅಂತ ಹೇಳ್ಬೇಕಾಗಿಲ್ಲ.

ಅದೇ ಮರುವಿಂಗಡಣೇಲಿ ಸೋಮವಾರಪೇಟೆ ಕ್ಷೇತ್ರನೂ ಹೋಯ್ತು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರಿದ್ದದ್ದು ಎರಡಾಯ್ತು. 4,102 ಚದರ ಕಿಲೋಮೀಟರಿಗೆ ಇಬ್ಬರು ಶಾಸಕರು, ಬೆಂಗಳೂರು ನಗರ ಜಿಲ್ಲೆಯ ಸುಮಾರು 2,200 ಚದರ ಕಿಲೋಮೀಟರಿಗೆ 28. ತಾಲೂಕು ಮೂರಿದ್ದದ್ದು ಕುಶಾಲನಗರ, ಪೊನ್ನಂಪೇಟೆ ಸೇರಿ ಐದಾಯ್ತು, ಶಾಸಕರು ಮಾತ್ರ ಕಡಿಮೆ ಆದ್ರು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ರೋಡೇ ಇಲ್ಲದೆ ಜನ ಸಿಕ್ಕಿಹಾಕಿಕೊಂಡಾಗ ಈ ದೂರ ಏನು ಅಂತ ಎಲ್ಲರಿಗೂ ಅರ್ಥ ಆಯ್ತು.

ಈಗ ಕಷ್ಟದ ಮಾತೂ ಹೇಳ್ಬೇಕು. ಸೀಟು ಹಂಚೋದು ಜನಸಂಖ್ಯೆ ಮೇಲೆ. 2011ರಲ್ಲಿ ಕೊಡಗು 5,54,519, ರಾಜ್ಯದಲ್ಲೇ ಅತಿ ಕಡಿಮೆ ಜನಸಾಂದ್ರತೆ. ಕರ್ನಾಟಕದ 6.11 ಕೋಟಿನ 28ಕ್ಕೆ ಭಾಗಿಸಿದ್ರೆ ಒಂದು ಲೋಕಸಭೆ ಸೀಟಿಗೆ ಹತ್ರ ಹತ್ರ 22 ಲಕ್ಷ, ನಾವು ಅದರ ಕಾಲು ಭಾಗ. ಲಕ್ಷದ್ವೀಪಕ್ಕೆ 64 ಸಾವಿರ ಜನಕ್ಕೇ ಎಂಪಿ ಇದಾರಲ್ಲ ಅಂತ ಕೇಳ್ತಾರೆ, ಅದು ಕೇಂದ್ರಾಡಳಿತ ಪ್ರದೇಶ, ಒಂದು ರಾಜ್ಯದ ಒಳಗೆ ಕ್ಷೇತ್ರಗಳ ಜನಸಂಖ್ಯೆ ಆದಷ್ಟೂ ಸಮ ಇರ್ಬೇಕು ಅಂತ ಸಂವಿಧಾನದ 81ನೇ ವಿಧಿ ಹೇಳುತ್ತೆ. ಸಭೆಗಳಲ್ಲಿ ಪ್ರತ್ಯೇಕ ಎಂಪಿ ಕೊಡಿಸ್ತೀವಿ ಅಂತ ಭರವಸೆ ಕೊಡೋ ಲೀಡರ್‌ಗಳು ಇದನ್ನ ಜನಕ್ಕೆ ಬಿಡಿಸಿ ಹೇಳ್ಬೇಕು.

ಹಂಗಂತ ಎಲ್ಲಾ ಬಾಗಿಲು ಮುಚ್ಚಿಲ್ಲ. 2002ರ ಡಿಲಿಮಿಟೇಶನ್ ಕಾಯ್ದೇಲಿ ಭೌಗೋಳಿಕ ಸ್ಥಿತಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಇವನ್ನೂ ನೋಡ್ಬೇಕು ಅಂತಿತ್ತು, ಕರಡು ಪ್ರಕಟಿಸಿ ಆಕ್ಷೇಪಣೆ ಕೇಳ್ಬೇಕು, ಸಾರ್ವಜನಿಕ ಸಭೆ ನಡೆಸ್ಬೇಕು ಅಂತಲೂ ಇತ್ತು. ಮುಂದಿನ ಕಾಯ್ದೇಲೂ ಇದು ಉಳೀಬೇಕು ಅಂತ ಈಗಲೇ ಕೇಳ್ಬೇಕು. ಯಾಕಂದ್ರೆ 2027ರ ಮಾರ್ಚ್ 1 ಜನಗಣತಿಯ ದಿನಾಂಕ, ಸೀಟುಗಳ ಹಂಚಿಕೆ ಬದಲಿಸಬಾರದು ಅನ್ನೋ ತಡೆ ಇರೋದು 2026ರ ನಂತರದ ಮೊದಲ ಜನಗಣತಿ ತನಕ. ಬೆಂಗಳೂರು ಮೈಸೂರಲ್ಲಿ ಕೆಲಸ ಮಾಡೋ ನಮ್ಮ ಮಕ್ಕಳು ಅಲ್ಲಿನ ಲೆಕ್ಕಕ್ಕೆ ಹೋಗ್ತಾರೆ, ಹಾಗಾಗಿ ಬರೀ ತಲೆ ಎಣಿಸಿದ್ರೆ ಮತ್ತೆ ನಾವೇ ಸೋಲೋದು, ಬೆಟ್ಟ, ಮಳೆ, ದೂರ ಇದನ್ನೆಲ್ಲ ಅಂಕಿ ಸಮೇತ ಮುಂದಿಡ್ಬೇಕು.

ಇದು ಒಂದು ಸಮುದಾಯದ ಬೇಡಿಕೆ ಅಂತ ಆಗಬಾರದು. ಕೊಡವರು, ಅರೆಭಾಷೆ ಗೌಡರು, ಮುಸ್ಲಿಮರು, ಯರವರು, ಜೇನುಕುರುಬರು, ತೋಟದ ಲೈನ್‌ಮನೆಗಳಲ್ಲಿ ಇರೋ ಕಾರ್ಮಿಕರು ಎಲ್ಲರ ಸಹಿನೂ ಒಂದೇ ಅರ್ಜೀಲಿ ಬೇಕು. ಮೊದಲನೇದು ಸೋಮವಾರಪೇಟೆ ಕ್ಷೇತ್ರ ವಾಪಸ್. ಎರಡನೇದು, ಲೋಕಸಭೆಗೆ ಯಾರ ಜೊತೆ ಸೇರಿಸಿದ್ರೂ ಜಿಲ್ಲೆನ ಒಡೀಬಾರದು. ಮೂರನೇದು ಹೆಸರು: ನಾವೆಲ್ಲ ಮೈಸೂರು-ಕೊಡಗು ಅಂತ ಕರೀತೀವಿ, ಚುನಾವಣಾ ಆಯೋಗದ ಪಟ್ಟೀಲಿ ಇರೋದು ಬರೀ ಮೈಸೂರು ಅಂತ, ಅಲ್ಲೂ ಕೊಡಗು ಸೇರ್ಬೇಕು.