ಕಸ್ಸುಲೆ: ಅಡುಗೆಗೆ ಪಾತ್ರೆಯ ಹೆಸರು

ಕಸ್ಸುಲೆ ಅಂದರೆ ಬಿಳಿ ಕಾಳು ಮತ್ತು ಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುವ ಫ್ರೆಂಚ್ ಅಡುಗೆ. ನಾನೂ ಮೊದಲು ಇಷ್ಟೇ ಬರೆದುಕೊಂಡಿದ್ದೆ. ಆದರೆ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಕಾಳೂ ಇಲ್ಲ, ಮಾಂಸವೂ ಇಲ್ಲ. ಇರುವುದು ಒಂದು ಮಣ್ಣಿನ ಪಾತ್ರೆ!

ಉಚ್ಚಾರಣೆ ನೆನಪಿಡಿ: ಫ್ರೆಂಚಿನಲ್ಲಿ ಬರೆಯುವಾಗ (cassoulet) ಕೊನೆಗೆ 'ಟಿ' ಇದ್ದರೂ ಓದುವಾಗ ಇಲ್ಲ.

ಈ ಪದ ಪ್ಯಾರಿಸ್ಸಿನದಲ್ಲ, ದಕ್ಷಿಣ ಫ್ರಾನ್ಸಿನ ಲಾಂಗ್ದಾಕ್ ಸೀಮೆಯದು. ಅಲ್ಲಿನ ನುಡಿ ಆಕ್ಸಿಟನ್. ಆ ನುಡಿಯಲ್ಲಿ 'ಹೌದು' ಅನ್ನೋಕೆ 'ಓಕ್' ಅನ್ನುತ್ತಾರೆ, ಸೀಮೆಯ ಹೆಸರಿನ ಅರ್ಥವೇ 'ಓಕ್ ನುಡಿ'. ಎಷ್ಟು ಚೆಂದ ಅಲ್ವಾ? ಆಕ್ಸಿಟನ್‌ನಲ್ಲಿ 'ಕಸೋಲೊ' ಅಂದರೆ ಮಣ್ಣಿನ ಪಾತ್ರೆ. ಅದಕ್ಕೆ 'ಚಿಕ್ಕದು' ಎಂದು ಸೂಚಿಸುವ ಪ್ರತ್ಯಯ ಸೇರಿ ಕಸ್ಸುಲೆ ಆಯಿತು. ನಾವು ಚಪಾತಿ ಬಿಸಿಯಾಗಿಡುವ ಕ್ಯಾಸರೋಲ್ ಇದೆಯಲ್ಲ, ಅದೂ ಇದೇ ಬಳಗದ ಪದ.

ಪಾತ್ರೆಯನ್ನು ಸ್ವಲ್ಪ ಗಮನಿಸಿ. ಕಸ್ತೆಲ್ನೊದಾರಿ ಊರಿನ ಹತ್ತಿರ ಇಸೆಲ್ ಎಂಬ ಹಳ್ಳಿಯ ಕುಂಬಾರರು ಇದಕ್ಕೆ ಹೆಸರಾದವರು. ಬಾಯಿ ಅಗಲ, ತಳ ಕಿರಿದು. ಬಾಯಿ ಅಗಲವಾದಷ್ಟೂ ಓವನ್ನಿನ ಶಾಖ ತಾಗುವ ಜಾಗ ಜಾಸ್ತಿ. ಮೇಲ್ಗಡೆ ಕಂದು ಪದರ ಕಟ್ಟುತ್ತದೆ. ಅದನ್ನು ಚಮಚದಿಂದ ಒಡೆದು ಒಳಕ್ಕೆ ಒತ್ತಬೇಕು. ಮತ್ತೆ ಪದರ ಕಟ್ಟುತ್ತದೆ, ಮತ್ತೆ ಒಡೆಯಬೇಕು. ಏಳು ಸಲ ಒಡೆಯಬೇಕು ಅನ್ನೋದು ಅಲ್ಲಿನ ವಾಡಿಕೆಯ ಮಾತು. ರುಚಿಗೆ ಈ ಪಾತ್ರೆಯ ಆಕಾರವೂ ಕಾರಣ. ಹಾಗಾಗಿ ಅಡುಗೆಗೆ ಅದರ ಹೆಸರೇ ನಿಂತಿದ್ದು ನ್ಯಾಯ ಅಂತ ನನಗನ್ನಿಸುತ್ತದೆ.

ಕಸ್ತೆಲ್ನೊದಾರಿ, ಕಾರ್ಕಸೋನ್, ಟುಲೂಸ್ ಮೂರೂ ಊರಿನವರು 'ನಮ್ಮದೇ ಅಸಲಿ' ಅನ್ನುತ್ತಾರೆ. ಟುಲೂಸಿನಲ್ಲಿ ಆ ಊರಿನದೇ ಸಾಸೇಜ್ ಹಾಕುತ್ತಾರೆ.

ಹುಟ್ಟಿನ ಬಗ್ಗೆ ಒಂದು ಕತೆಯಿದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರು ಕಸ್ತೆಲ್ನೊದಾರಿಗೆ ಮುತ್ತಿಗೆ ಹಾಕಿದಾಗ, ಊರವರು ಉಳಿದಿದ್ದ ಕಾಳು, ಮಾಂಸವನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಸೈನಿಕರಿಗೆ ಬೇಯಿಸಿ ಹಾಕಿದರಂತೆ. 1355ರಲ್ಲಿ ಇಂಗ್ಲಿಷ್ ರಾಜಕುಮಾರ ಎಡ್ವರ್ಡನ ಸೇನೆ ಆ ಊರನ್ನು ಸುಟ್ಟದ್ದು ನಿಜ. ಆದರೆ ಈಗ ಕಸ್ಸುಲೆಗೆ ಹಾಕುವ ಬಿಳಿ ಕಾಳು ನಮ್ಮ ರಾಜ್ಮಾದ ಜಾತಿಯದು, ಅಮೆರಿಕ ಮೂಲದ್ದು. ಕೊಲಂಬಸ್ ಅತ್ತ ಹಡಗು ಬಿಟ್ಟಿದ್ದೇ 1492ರಲ್ಲಿ. ಅದಕ್ಕೂ ಮೊದಲು ಆ ಸೀಮೆಯ ಪಾತ್ರೆಗಳಲ್ಲಿ ಬೇಯುತ್ತಿದ್ದದ್ದು ಯುರೋಪಿನ ಹಳೆಯ ಫಾವಾ ಕಾಳು.